ಏಳೂವರೆಯವರು ನೀರಿಗಿಳಿದ ದಿನ

ಇಷ್ಟಕ್ಕೆಲ್ಲ ಮೂಲ ಒಂದು ಬೆರಳುದ್ದದ ಬಾಟಲಿ. ಅದರಲ್ಲಿ ಕೆಂಪು ದ್ರಾವಣವಿತ್ತು. ಕೊಳದ ನೀರನ್ನು ಗಾಜಿನ ಕೊಳವೆಯಲ್ಲಿ ಹಿಡಿದು ಇದನ್ನು ಐದು ತೊಟ್ಟು ಬಿಟ್ಟರೆ, ಬಂದ ಬಣ್ಣ ನೋಡಿ ನೀರಿನ ಪಿಎಚ್ ಎಷ್ಟೆಂದು ಹೇಳಬಹುದಿತ್ತು. ನಮ್ಮ ಕಥಾನಾಯಕರು ನಗರಸಭೆಯ ಪುಟ್ಟ ಈಜುಕೊಳಕ್ಕೆ ಮೇಲ್ವಿಚಾರಕರಾಗಿ ಬಂದ ಮೂರನೆಯ ವಾರವೇ ಬಾಟಲಿ ಬರಿದಾಯಿತು. ಹೊಸದು ಬೇಕೆಂದು ಅವರು ಮೂರು ಪ್ರತಿಗಳಲ್ಲಿ ಅರ್ಜಿ ಬರೆದು ಕಳಿಸಿದರು. ಎರಡು ತಿಂಗಳ ಮೇಲೆ ಉತ್ತರ ಬಂತು: ಹಳೆಯ ಬಾಟಲಿ ಖಾಲಿಯಾದದ್ದೇಕೆ ಎಂಬುದಕ್ಕೆ ವಿವರಣೆ ಕೊಡತಕ್ಕದ್ದು.

ಅಷ್ಟರತನಕ ರಿಜಿಸ್ಟರನ್ನು ಖಾಲಿ ಬಿಡುವ ಹಾಗಿರಲಿಲ್ಲ. ಬಾಟಲಿಯಲ್ಲಿ ಕೊನೆಯ ತೊಟ್ಟಿದ್ದ ದಿನ ನೀರು ಏಳೂವರೆ ತೋರಿಸಿತ್ತು. ನಿನ್ನೆ ಏಳೂವರೆ ಇದ್ದ ನೀರು ಇವತ್ತು ಎಲ್ಲಿಗೆ ಹೋದೀತು ಎಂದುಕೊಂಡು ಮರುದಿನವೂ ಏಳೂವರೆ ಎಂದೇ ಬರೆದರು. ಅದರ ಮರುದಿನವೂ ಬರೆದರು. ಹೀಗೇ ನಾಲ್ಕು ವರ್ಷ ಕಳೆಯಿತು. ದಿನಾ ಬೆಳಿಗ್ಗೆ ಈಜಲು ಬರುತ್ತಿದ್ದ ಒಬ್ಬ ನಿವೃತ್ತ ಹೆಡ್ಮೇಷ್ಟ್ರು ಒಂದು ದಿನ ರಿಜಿಸ್ಟರನ್ನು ಬಗ್ಗಿ ನೋಡಿದರು. ಅಂದಿನಿಂದ ಇವರ ಹೆಸರೇ ಏಳೂವರೆ ಎಂದಾಯಿತು. ಎದುರಿಗೆ ಏಳೂವರೆಯವರು, ಬೆನ್ನ ಹಿಂದೆ ಬರೀ ಏಳೂವರೆ.

ಅಂಕಿ ಸುಳ್ಳಾದರೂ ಮನುಷ್ಯ ಸುಳ್ಳಲ್ಲ. ದಿನಾ ಆರು ಗಂಟೆಗೆ ಬಾಗಿಲು ತೆಗೆದು, ನೀರಿನ ಮೇಲೆ ಬಿದ್ದ ಎಲೆಗಳನ್ನು ಬಲೆಯಲ್ಲಿ ತೆಗೆದು, ಪಂಪಿನ ಜಾಲರಿ ತೊಳೆದು, ಹಿಂದಿನವರು ಹಾಕಿಕೊಟ್ಟ ಪದ್ಧತಿಯಂತೆ ಸೋಮವಾರಕ್ಕೊಂದು ಬೋಗುಣಿ ಸೋಡಾ ಪುಡಿ ಸುರಿದು, ಮರದ ಕೆಳಗಿನ ಬೆತ್ತದ ಕುರ್ಚಿಯಲ್ಲಿ ಕೂರುತ್ತಿದ್ದರು. ಹನ್ನೊಂದು ಗಂಟೆಗೆ ಈಜುವವರೆಲ್ಲ ಹೊರಟುಹೋದ ಮೇಲೆ ಕೊಳ ನಿಶ್ಚಲವಾಗುತ್ತಿತ್ತು. ಆ ಒಂದು ಗಂಟೆ ಅವರಿಗೆ ಬಹಳ ಇಷ್ಟ. ನೀಲಿ ನೀರನ್ನು ನೋಡುತ್ತ ಕೂತರೆ ಹೆಂಡತಿ ಬೆಳಿಗ್ಗೆ ಅಂದದ್ದು, ಮಗಳು ನಿನ್ನೆ ಕೇಳಿದ್ದು, ಎಲ್ಲವೂ ಮರೆತುಹೋಗುತ್ತಿತ್ತು. ಈ ಕುರ್ಚಿಯಲ್ಲೇ ಕೂತು ನಿವೃತ್ತನಾದರೆ ಸಾಕು ಎನ್ನುವುದು ಅವರ ಜೀವನದ ಏಕಮಾತ್ರ ಆಸೆಯಾಗಿತ್ತು. ಒಟ್ಟಿನಲ್ಲಿ ಆರಕ್ಕೇರದೆ ಮೂರಕ್ಕಿಳಿಯದೆ ಬದುಕುತ್ತಿದ್ದ ಮನುಷ್ಯ. ಈಜು ಮಾತ್ರ ಬರುತ್ತಿರಲಿಲ್ಲ. ನಾಲ್ಕು ವರ್ಷಗಳಲ್ಲಿ ಒಮ್ಮೆಯೂ ನೀರಿಗೆ ಇಳಿದಿರಲಿಲ್ಲ.

ಆ ದಿನ ಬೆಳಿಗ್ಗೆ ಎಂಟಕ್ಕೆ ನಗರಸಭೆಯ ಜವಾನ ಒಂದು ಲಕೋಟೆ ಕೊಟ್ಟುಹೋದ. ಏಳೂವರೆಯವರು ಒಡೆದು ಓದಿದರು. "ಇಂದು ಸಂಜೆ ನಾಲ್ಕು ಗಂಟೆಗೆ ಆರೋಗ್ಯಾಧಿಕಾರಿಗಳು ಈಜುಕೊಳದ ನೀರಿನ ಪಿಎಚ್ ಅನ್ನು ಖುದ್ದಾಗಿ ಅಳೆಯುವರು. ಫಲಿತಾಂಶವನ್ನು ಆಧರಿಸಿ ತಮ್ಮನ್ನು ಕೊಳಚೆ ನೀರು ಶುದ್ಧೀಕರಣ ಕೇಂದ್ರಕ್ಕೆ ವರ್ಗಾಯಿಸುವ ಬಗ್ಗೆ ಸ್ಥಳದಲ್ಲೇ ತೀರ್ಮಾನಿಸಲಾಗುವುದು."

ಮೇಷ್ಟ್ರು ಒದ್ದೆ ಮೈಯಲ್ಲೇ ಬಂದು ಕಾಗದ ಕಸಿದುಕೊಂಡರು. ಅವರ ಹಿಂದೆಯೇ ಬೇಕರಿ ಯಜಮಾನರೂ ಬಂದರು. ಇವರು ವೈದ್ಯರು ಹೇಳಿದರೆಂದು ತೂಕ ಇಳಿಸಲು ದಿನಾ ಈಜಲು ಬರುತ್ತಿದ್ದವರು. ಆರು ತಿಂಗಳಲ್ಲಿ ಕೊಳದ ನೀರು ಇಳಿದಿತ್ತೇ ಹೊರತು ಅವರ ತೂಕ ಇಳಿದಿರಲಿಲ್ಲ.

"ಇದರಲ್ಲಿ ಅರ್ಥ ಆಗದೇ ಇರೋದು ಏನಿದೆ?" ಎಂದರು ಮೇಷ್ಟ್ರು. "ನೀರು ಸರಿ ಇದ್ರೆ ನೀವು ಇಲ್ಲಿ. ನೀರು ಕೆಟ್ಟಿದ್ರೆ ನೀವು ಕೊಳಚೆಗೆ. ಅಷ್ಟೇ."

"ಅಯ್ಯೋ, ಅಲ್ಲಿಗಾ?" ಎಂದರು ಬೇಕರಿಯವರು. "ಅಲ್ಲಿ ಕೆಲಸ ಮಾಡೋರೊಬ್ಬರು ನಮ್ಮ ಅಂಗಡಿಗೆ ಬರ್ತಾರೆ. ಪಾಪ, ಬಹಳ ಒಳ್ಳೇ ಮನುಷ್ಯ. ಅವರು ಬಂದ್ರೆ ಮಾತ್ರ ಉಳಿದ ಗಿರಾಕಿಗಳೆಲ್ಲ ಆಮೇಲೆ ಬರ್ತೀವಿ ಅಂತ ಹೊರಟುಹೋಗ್ತಾರೆ."

ಏಳೂವರೆಯವರು ಹೆಂಡತಿಗೆ ಫೋನು ಮಾಡಿದರು. ಆಕೆ ಎಲ್ಲವನ್ನೂ ಸಮಾಧಾನದಿಂದ ಕೇಳಿ, "ಅಲ್ಲಿಗೇನಾದ್ರೂ ವರ್ಗ ಆದ್ರೆ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಸಂಜೆ ಬಂದವರು ಹಿತ್ತಲ ಬಾಗಿಲಿಂದ ಬನ್ನಿ. ಅಲ್ಲೇ ಒಂದು ನಲ್ಲಿ ಹಾಕಿಸ್ತೀನಿ," ಎಂದಳು. ಆಮೇಲೆ ಏನೋ ಹೊಳೆದು, "ನಮ್ಮ ತಂಗೀನ ಕೇಳಿ. ಅವಳು ಮಕ್ಕಳಿಗೆ ಪಾಠ ಮಾಡೋದು ಇದನ್ನೇ ಅಲ್ವಾ?" ಎಂದಳು.

ನಾದಿನಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಶಾಲೆಗೆ ಹೋಗುವ ದಾರಿಯಲ್ಲಿ ಸ್ಕೂಟರು ನಿಲ್ಲಿಸಿ, ಬೆಂಕಿಪೊಟ್ಟಣದಷ್ಟು ಸಣ್ಣ ಪುಸ್ತಕವೊಂದನ್ನು ಭಾವನ ಕೈಗಿತ್ತಳು. ಒಳಗೆ ಹಳದಿ ಕಾಗದದ ಪಟ್ಟಿಗಳಿದ್ದವು.

"ಒಂದು ಪಟ್ಟಿ ಹರಿದು ನೀರಲ್ಲಿ ಅದ್ದಿ ಭಾವ. ಬಣ್ಣ ಬದಲಾಗುತ್ತೆ. ಈ ರಟ್ಟಿನ ಮೇಲಿರೋ ಬಣ್ಣಕ್ಕೆ ಹೋಲಿಸಿ ನೋಡಿ. ಏಳು ಅಂದ್ರೆ ತಟಸ್ಥ. ಅತ್ತೆ ಕಡೆಗೂ ಇಲ್ಲ, ಸೊಸೆ ಕಡೆಗೂ ಇಲ್ಲ, ಮಾವನ ಹಾಗೆ ಸುಮ್ಮನೆ ಪೇಪರ್ ಓದ್ತಾ ಕೂತಿರುತ್ತೆ. ಏಳಕ್ಕಿಂತ ಕೆಳಗೆ ಹೋದ್ರೆ ಆಮ್ಲ, ಹುಳಿ. ಮೇಲಕ್ಕೆ ಹೋದ್ರೆ ಕ್ಷಾರ, ಸೋಪಿನ ಜಾತಿ. ನಿಮ್ಮ ಕೊಳ ಏಳೂಕಾಲಕ್ಕೂ ಏಳೂಮುಕ್ಕಾಲಕ್ಕೂ ಮಧ್ಯೆ ಇರಬೇಕು."

ಏಳೂವರೆಯವರು ದೇವರನ್ನು ನೆನೆದು ಪಟ್ಟಿಯನ್ನು ಅದ್ದಿದರು.

"ಹಸಿರು," ಎಂದರು ಬೇಕರಿಯವರು.

"ನೀಲಿ ಕಣ್ರೀ," ಎಂದರು ಮೇಷ್ಟ್ರು.

"ನಿಮಗೆ ಕಣ್ಣಿನ ಆಪರೇಷನ್ ಆಗಿದೆ ಸಾರ್."

"ಆಗಿರೋದಕ್ಕೇ ಸರಿಯಾಗಿ ಕಾಣಿಸ್ತಿರೋದು."

ನಾದಿನಿ ಇಬ್ಬರ ನಡುವೆ ಕೈ ಹಾಕಿ ಪಟ್ಟಿಯನ್ನು ರಟ್ಟಿನ ಪಕ್ಕ ಹಿಡಿದಳು. "ಎಂಟೂವರೆ ಇದೆ ಭಾವ. ಕ್ಷಾರ ಜಾಸ್ತಿ ಆಗಿದೆ."

"ಅಂದ್ರೆ ಒಂದು ನಂಬರು ಇಳಿಸಿದ್ರೆ ಆಯ್ತು," ಎಂದು ಏಳೂವರೆಯವರು ಉಸಿರುಬಿಟ್ಟರು.

"ಒಂದು ನಂಬರು ಅಂತ ಹಗುರವಾಗಿ ಅನ್ಬೇಡಿ. ಒಂದೊಂದಕ್ಕೂ ಹತ್ತು ಪಟ್ಟು ವ್ಯತ್ಯಾಸ. ಏಳಕ್ಕಿಂತ ಆರು ಹತ್ತು ಪಟ್ಟು ಹುಳಿ, ಐದು ನೂರು ಪಟ್ಟು, ನಾಲ್ಕು ಅಂದ್ರೆ ಸಾವಿರ ಪಟ್ಟು. ಆಸಿಡ್ ಇದೆಯಲ್ಲ, ಒಂದೇ ಒಂದು ಕ್ಯಾನ್ ಹಾಕಿ. ಕೈಗವಸು ಹಾಕ್ಕೊಳ್ಳಿ. ಕ್ಲೋರಿನ್ ಪುಡಿ ಹತ್ರ ಮಾತ್ರ ಅದನ್ನ ಒಯ್ಯಬೇಡಿ. ಪಂಪ್ ಓಡಿಸಿ, ಒಂದು ಗಂಟೆ ಕಾಯಿರಿ. ನಾನು ಊಟದ ಬಿಡುವಿನಲ್ಲಿ ಬರ್ತೀನಿ. ಅಲ್ಲೀವರೆಗೆ ಅವಸರ ಮಾತ್ರ ಮಾಡ್ಬೇಡಿ."

ಹೀಗೆ ಹೇಳಿ ಅವಳು ಹೊರಟುಹೋದಳು. ಅವಸರ ಏಳೂವರೆಯವರ ಸ್ವಭಾವದಲ್ಲೇ ಇರಲಿಲ್ಲ. ಆದರೆ ಅಕ್ಕಪಕ್ಕದಲ್ಲಿ ಇಬ್ಬರು ಹಿತೈಷಿಗಳಿದ್ದರು.

ಉಗ್ರಾಣದಲ್ಲಿ ಐದು ಲೀಟರಿನ ಎಂಟು ಆಸಿಡ್ ಕ್ಯಾನುಗಳು ನಾಲ್ಕು ವರ್ಷಗಳಿಂದ ಧೂಳು ಹೊದ್ದು ಕೂತಿದ್ದವು. ಏಳೂವರೆಯವರು ನೀರಲ್ಲಿದ್ದವರನ್ನೆಲ್ಲ ಹತ್ತಿಸಿ, ಒಂದನ್ನು ತಂದು, ಕೊಳದ ಸುತ್ತ ನಡೆಯುತ್ತ ನಿಧಾನವಾಗಿ ಸುರಿದರು. ಕಾಲು ಗಂಟೆ ಪಂಪು ಓಡಿಸಿ ಪಟ್ಟಿ ಅದ್ದಿದರೆ ಏಳೂವರೆ! ಕಣ್ಣು ಉಜ್ಜಿಕೊಂಡು ಮತ್ತೆ ಅದ್ದಿದರು, ಮತ್ತೆ ಏಳೂವರೆ. ಬೇಕರಿಯವರು ಅಂಗಡಿಯಿಂದ ಬಿಸ್ಕತ್ತು ತರಿಸಿದರು. ಮೂವರೂ ಮರದ ಕೆಳಗೆ ಚಹಾ ಕುಡಿದರು. ವಿಜ್ಞಾನ ಎನ್ನುವುದು ಇಷ್ಟು ಸುಲಭ ಎಂದು ಗೊತ್ತಿದ್ದರೆ ಶಾಲೆಯಲ್ಲಿ ಎರಡು ಸಲ ಫೇಲಾಗುತ್ತಿರಲಿಲ್ಲ ಎಂದು ಏಳೂವರೆಯವರಿಗೆ ಅನ್ನಿಸಿತು.

ಹತ್ತೂಮುಕ್ಕಾಲಿಗೆ, ಸುಮ್ಮನೆ ಕಣ್ತುಂಬ ಇನ್ನೊಮ್ಮೆ ನೋಡಿಕೊಳ್ಳೋಣವೆಂದು ಪಟ್ಟಿ ಅದ್ದಿದರು. ಎಂಟೂಕಾಲು.

"ಇದೇನಿದು? ತವರುಮನೆಗೆ ಹೋದ ಹಾಗೆ ಹೋಗಿ ವಾಪಸ್ ಬಂತಲ್ಲ!" ಎಂದರು ಬೇಕರಿಯವರು.

ಮೇಷ್ಟ್ರು ಹಣೆಗೆ ಬೆರಳಿಟ್ಟುಕೊಂಡು ಯೋಚಿಸಿದರು. ಮೂವತ್ತೈದು ವರ್ಷ ಗಣಿತ ಹೇಳಿಕೊಟ್ಟವರು. ಅವರ ಪ್ರಕಾರ ತ್ರೈರಾಶಿಗೆ ಬಗ್ಗದ ಸಮಸ್ಯೆ ಪ್ರಪಂಚದಲ್ಲಿ ಇರಲಿಲ್ಲ. ಒಂದು ಕಡ್ಡಿ ತೆಗೆದುಕೊಂಡು ನೆಲದ ಮೇಲೆ ಬರೆದರು. "ಒಂದು ಕ್ಯಾನಿಗೆ ಒಂದು ಗಂಟೇಲಿ ಉಳಿದ ಲಾಭ ಕಾಲು. ನಮಗೆ ಬೇಕಾಗಿರೋದು ಒಂದು. ಒಟ್ಟು ನಾಲ್ಕು ಕ್ಯಾನು. ಒಂದು ಹಾಕಾಗಿದೆ. ಇನ್ನು ಮೂರು. ಲೆಕ್ಕ ಮುಗೀತು."

"ನಾದಿನಿ ಬರೋತನಕ ಕಾಯೋಣ ಅಂತ…" ಎಂದರು ಏಳೂವರೆಯವರು.

"ಅವರು ಬರೋದು ಒಂದು ಗಂಟೆಗೆ. ಆರೋಗ್ಯಾಧಿಕಾರಿ ಮೇಡಂ ಬರೋದು ನಾಲ್ಕಕ್ಕೆ. ಆಮೇಲೆ ಕೊಳಚೆ ಕೇಂದ್ರದಲ್ಲಿ ನೀವು ಆರಾಮಾಗಿ ಕಾಯ್ಬಹುದು."

ಕೊಳಚೆ ಎಂಬ ಮಾತು ಕಿವಿಗೆ ಬಿದ್ದೊಡನೆ ಏಳೂವರೆಯವರು ಎದ್ದರು. ಮೂರು ಹಾಕಲು ಮನಸ್ಸು ಬಾರದೆ ಎರಡು ಕ್ಯಾನು ಸುರಿದು, ಪಂಪಿನ ಕೋಣೆಗೆ ಹೋದರು. ಅಲ್ಲಿ ಜಾಲರಿಗೆ ಎಲೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿ ತೊಳೆದು ಮತ್ತೆ ಕೂರಿಸುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು.

ಈ ಮುಕ್ಕಾಲು ಗಂಟೆಯಲ್ಲಿ ನಡೆದದ್ದು ಇಷ್ಟು. ಮನುಷ್ಯ ತೀರಾ ಮೆತ್ತಗೆ, ಲೆಕ್ಕ ಹೇಳಿಕೊಟ್ಟರೂ ಒಂದು ಕಡಿಮೆ ಹಾಕಿದ ಎಂದು ಮೇಷ್ಟ್ರಿಗೆ ಕನಿಕರ ಬಂತು. ಕೈಗವಸು ತೊಟ್ಟು ಆ ಒಂದನ್ನು ಸುರಿದರು. ಯಾವುದಕ್ಕೂ ಇರಲಿ ಎಂದು ಇನ್ನೊಂದನ್ನೂ ಸುರಿದರು. ಆಮೇಲೆ ಬಟ್ಟೆ ಬದಲಾಯಿಸಲು ಹೋದರು. ಅಂಗಡಿಗೊಂದು ಸುತ್ತು ಹೋಗಿಬಂದ ಬೇಕರಿಯವರು ಉಗ್ರಾಣದಲ್ಲಿ ಮೂರು ಕ್ಯಾನು ಉಳಿದದ್ದನ್ನು ಕಂಡರು. ಮೇಷ್ಟ್ರು ಮೂರು ಎಂದದ್ದು ಅವರ ತಲೆಯಲ್ಲಿತ್ತು. ಇವೇ ಆ ಮೂರಿರಬೇಕು, ಪಾಪ ಒಬ್ಬನೇ ಒದ್ದಾಡುತ್ತಿದ್ದಾನೆ ಎಂದುಕೊಂಡು ಎರಡನ್ನು ಸುರಿದರು. ಮೂರನೆಯದರ ಮುಚ್ಚಳ ತೆರೆಯಲಾಗಲಿಲ್ಲ. ಆ ಮುಚ್ಚಳಕ್ಕೆ ಇಡೀ ಊರು ಕೃತಜ್ಞವಾಗಿರಬೇಕು.

ಏಳೂವರೆಯವರು ಕೈ ಒರೆಸಿಕೊಳ್ಳುತ್ತ ಹೊರಬಂದಾಗ ಕೊಳದ ಅಂಚಿನಲ್ಲಿ, ಟೈಲುಗಳ ಸಂದಿನಿಂದ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಇಡೀ ಕೊಳ ಆಗತಾನೆ ಮುಚ್ಚಳ ತೆಗೆದ ಸೋಡಾದಂತೆ ಸದ್ದು ಮಾಡುತ್ತಿತ್ತು.

"ನೋಡಿ, ನೀರು ಉಸಿರಾಡ್ತಿದೆ," ಎಂದರು ಬೇಕರಿಯವರು ಸಂತೋಷದಿಂದ.

ಏಳೂವರೆಯವರು ಪಟ್ಟಿ ಅದ್ದಿದರು. ಅದು ಹಸಿರಾಗಲಿಲ್ಲ, ನೀಲಿಯಾಗಲಿಲ್ಲ. ಕಿತ್ತಳೆ ಬಣ್ಣಕ್ಕೆ ತಿರುಗಿತು. ರಟ್ಟಿನ ಮೇಲೆ ಕಿತ್ತಳೆಯ ಪಕ್ಕದಲ್ಲಿ ನಾಲ್ಕು ಎಂದು ಬರೆದಿತ್ತು.

"ಸಾವಿರ ಪಟ್ಟು," ಎಂದರು ಏಳೂವರೆಯವರು. ಕೊಳದ ಬಾಗಿಲಿಗೆ 'ಇಂದು ಈಜು ಇಲ್ಲ' ಎಂಬ ಹಲಗೆ ತೂಗುಹಾಕಿ ಬಂದು ಮರದ ಕೆಳಗೆ ಕುಕ್ಕರಿಸಿದರು. ಯಾರು ಎಷ್ಟು ಸುರಿದರು ಎಂಬುದು ಆಮೇಲೆ ಒಂದೊಂದಾಗಿ ಹೊರಬಂತು. ಅವರಿಗೆ ಕೋಪ ಮಾಡಿಕೊಳ್ಳಲೂ ಆಗಲಿಲ್ಲ. ಇಬ್ಬರೂ ಒಳ್ಳೆಯದಕ್ಕೇ ಮಾಡಿದ್ದರು. ಒಳ್ಳೆಯದು ಮಾಡುವವರ ಮೇಲೆ ಯಾವ ಕಚೇರಿಯಲ್ಲೂ ದೂರು ಕೊಡಲಾಗುವುದಿಲ್ಲ.

"ತಲೆ ಕೆಡಿಸ್ಕೋಬೇಡಿ," ಎಂದರು ಮೇಷ್ಟ್ರು. "ಹುಳಿ ಜಾಸ್ತಿ ಆದ್ರೆ ಸೋಡಾ. ಬಟ್ಟೆ ಒಗೆಯೋ ಸೋಡಾ, ಒಂದು ಮೂಟೆ. ಎದುರಿಗೇ ಅಂಗಡಿ ಇದೆ."

"ಬೇಡ, ನಮ್ಮ ಬೇಕರೀಲಿ ಕೇಕಿಗೆ ಹಾಕೋ ಸೋಡಾ ಇದೆ. ಅದು ಸಾಧು," ಎಂದರು ಬೇಕರಿಯವರು.

"ಸಾಧು ಇಟ್ಕೊಂಡು ಏನು ಮಾಡ್ತೀರಿ? ಖಾರವಾದ್ದೇ ಬೇಕು."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಒಂದು ಗಂಟೆಗೆ ನಾದಿನಿ ಅರ್ಧ ದಿನದ ರಜೆ ಹಾಕಿ ಬಂದು ಸ್ಕೂಟರು ನಿಲ್ಲಿಸಿದಾಗ ಕೊಳದ ಒಂದು ದಡದಲ್ಲಿ ಒಗೆಯುವ ಸೋಡಾ ಮೂಟೆಯ ದಾರ ಬಿಚ್ಚುತ್ತಿದ್ದ ಮೇಷ್ಟ್ರು, ಇನ್ನೊಂದು ದಡದಲ್ಲಿ ಕೇಕಿನ ಸೋಡಾ ಮೂಟೆಯ ಮೇಲೆ ಕೂತ ಬೇಕರಿಯವರು, ನಡುವೆ ಎರಡೂ ಕೈ ಎತ್ತಿಕೊಂಡು ನಿಂತ ಭಾವ ಕಂಡರು.

ಅವಳು ಪಟ್ಟಿ ನೋಡಿದಳು, ಖಾಲಿ ಕ್ಯಾನು ಎಣಿಸಿದಳು, ಸೋಮವಾರದ ಬೋಗುಣಿಯ ಕಥೆ ಕೇಳಿದಳು. ಬೈಯಲಿಲ್ಲ. ದಿನಾ ಅರವತ್ತು ಮಕ್ಕಳನ್ನು ನೋಡುವವಳು, ಅದನ್ನು ಎಂದೋ ಬಿಟ್ಟಿದ್ದಳು.

"ನಾಲ್ಕು ವರ್ಷ ನೀವು ತಿನ್ನಿಸಿದ ಸೋಡಾ ಎಲ್ಲ ಈ ನೀರಿನ ಹೊಟ್ಟೇಲಿತ್ತು ಭಾವ. ಆಸಿಡ್ ಹಾಕಿದ್ರೆ ಅದು ನುಂಗಿಕೊಂಡು, ಸ್ವಲ್ಪ ಹೊತ್ತಿಗೆ ಏನೂ ಆಗಿಲ್ಲ ಅನ್ನೋ ಹಾಗೆ ಮೇಲೆ ಬರ್ತಿತ್ತು. ಎಷ್ಟು ಅಂತ ನುಂಗುತ್ತೆ? ಹೊಟ್ಟೆ ಖಾಲಿ ಆಯ್ತು. ಒಂದೇ ಸಲ ಕುಸಿದುಬಿತ್ತು."

"ಮನುಷ್ಯರ ತಾಳ್ಮೇನೂ ಹಾಗೇನೇ ಅಮ್ಮ," ಎಂದರು ಏಳೂವರೆಯವರು ಮೇಷ್ಟ್ರ ಕಡೆ ನೋಡದೆ.

ನಾದಿನಿ ಒಗೆಯುವ ಸೋಡಾವನ್ನು ಹೊರಗಿಡಿಸಿದಳು. ಅದನ್ನು ಸುರಿದರೆ ನೀರು ಈ ಗೋಡೆಯಿಂದ ಆ ಗೋಡೆಗೆ ಹಾರಿ ಹತ್ತು ಮುಟ್ಟೀತು. ಕೇಕಿನ ಸೋಡಾ ಎಂಟೂಕಾಲು ದಾಟುವುದಿಲ್ಲ ಎಂದಳು. ಬೇಕರಿಯವರು ಮೂಟೆಯ ಮೇಲಿಂದ ಎದ್ದು ನಿಂತು ಮೇಷ್ಟ್ರ ಕಡೆ ಒಂದು ನೋಟ ಹರಿಸಿದರು. ಆಮೇಲೆ ಅವಳು ಹನ್ನೆರಡು ಲೀಟರಿನ ಬಕೆಟ್ಟಿನಲ್ಲಿ ಕೊಳದ ನೀರು ಎತ್ತಿಸಿ, ಚಹಾ ಚಮಚದಲ್ಲಿ ಸೋಡಾ ಹಾಕಿ ಕಲಕಿ, ಪಟ್ಟಿ ಅದ್ದಿ ನೋಡಿದಳು. ಒಂದು ಚಮಚಕ್ಕೆ ಹಸಿರು ಬಂತು.

"ಚಮಚ ಅಂದ್ರೆ ಐದು ಗ್ರಾಂ. ಕೊಳದಲ್ಲಿ ಎಷ್ಟು ನೀರಿದೆ ಭಾವ?"

"ಅರವತ್ತು ಸಾವಿರ ಲೀಟರ್." ಇದೊಂದು ಅಂಕಿ ಮಾತ್ರ ಅವರು ಸುಳ್ಳು ಬರೆದಿರಲಿಲ್ಲ, ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿತ್ತು.

"ಐದು ಸಾವಿರ ಬಕೆಟ್ಟು, ಐದು ಸಾವಿರ ಚಮಚ. ಇಪ್ಪತ್ತೈದು ಕೆಜಿ!" ಎಂದು ಮೇಷ್ಟ್ರು ಯಾರಿಗಿಂತಲೂ ಮೊದಲು ಕೂಗಿದರು. "ತ್ರೈರಾಶಿ!"

"ಹೌದು ಸಾರ್. ಎಷ್ಟು ಸುರೀಬೇಕು ಅನ್ನೋದಕ್ಕೆ ತ್ರೈರಾಶಿ ನಡೆಯುತ್ತೆ. ನಂಬರು ಎಷ್ಟು ಇಳಿಯುತ್ತೆ ಅನ್ನೋದಕ್ಕೆ ನಡೆಯಲ್ಲ," ಎಂದಳು ನಾದಿನಿ. ಮೇಷ್ಟ್ರು ಮೊದಲ ವಾಕ್ಯವನ್ನು ಮಾತ್ರ ಕೇಳಿಸಿಕೊಂಡರು.

ಬೇಕರಿಯವರ ಮೂಟೆಯೂ ಸರಿಯಾಗಿ ಇಪ್ಪತ್ತೈದು ಕೆಜಿ. ಬೋಗುಣಿ ಬೋಗುಣಿಯಾಗಿ ನಾಲ್ವರೂ ಕೊಳದ ಸುತ್ತ ನಡೆಯುತ್ತ ಚೆಲ್ಲಿದರು. ಪಂಪು ತಿರುಗಿತು, ಗುಳ್ಳೆಗಳೆದ್ದವು, ಸದ್ದು ಅಡಗಿತು. ಮೂರು ಗಂಟೆಗೆ ಪಟ್ಟಿ ಏಳಕ್ಕಿಂತ ಒಂದು ಕೂದಲೆಳೆ ಕೆಳಗೆ ನಿಂತಿತು. ಆರೂಮುಕ್ಕಾಲು ಎಂದಳು ನಾದಿನಿ.

"ಇನ್ನೊಂದು ಮೂಟೆ ತರಿಸ್ಲಾ?" ಎಂದರು ಬೇಕರಿಯವರು.

"ಬೇಡ. ಇನ್ನು ಏನೂ ಹಾಕ್ಬೇಡಿ. ಈಗ ನೀರಲ್ಲಿ ಗಾಳಿ ಕೂತಿದೆ, ಸೋಡಾ ಬಾಟ್ಲೀಲಿರುತ್ತಲ್ಲ, ಅದೇ ಗಾಳಿ. ಅದು ಇರೋತನಕ ನೀರು ಸ್ವಲ್ಪ ಹುಳೀನೇ. ಅದು ಹೊರಗೆ ಹೋದ್ರೆ ನಂಬರು ತಾನಾಗೇ ಮೇಲೇರುತ್ತೆ. ಬಿಟ್ರೆ ನಾಳೆ ಬೆಳಿಗ್ಗೆಗೆ ಏಳೂವರೆ ಆಗುತ್ತೆ."

"ನಾಳೆ ಬೆಳಿಗ್ಗೆ ನಾನು ಕೊಳಚೆ ಕೇಂದ್ರದಲ್ಲಿರ್ತೀನಿ," ಎಂದರು ಏಳೂವರೆಯವರು. ಕುರ್ಚಿಯ ಕಡೆ, ಮರದ ಕಡೆ, ನೀರಿನ ಮೇಲೆ ಅಲುಗುತ್ತಿದ್ದ ಬಿಸಿಲಿನ ಕಡೆ ನೋಡಿದರು. ಅಳು ಬರುವಂತಾಯಿತು.

ನಾದಿನಿಗೂ ಪಾಪ ಅನ್ನಿಸಿತು. "ಬಾಟ್ಲಿ ಗಾಳಿ ಬೇಗ ಹೋಗ್ಬೇಕಾದ್ರೆ ಏನ್ಮಾಡ್ತೀವಿ ಭಾವ? ಕುಲುಕ್ತೀವಿ. ಕೊಳಾನ ಕುಲುಕೋಕೆ ಆಗಲ್ಲ. ಒಳಗಿಳಿದು ನೀರನ್ನ ಚೆನ್ನಾಗಿ ಬಡೀಬೇಕು. ಎಷ್ಟು ಎರಚಾಡಿದ್ರೆ ಅಷ್ಟು ಬೇಗ. ಈಗಿರೋ ನೀರು ಮೈಗೆ ಏನೂ ಮಾಡಲ್ಲ."

ಅವಳ ಮಾತು ಮುಗಿಯುವ ಮೊದಲೇ ಬೇಕರಿಯವರು ಹಾರಿದರು. ಅವರು ಹಾರಿದ್ದೊಂದೇ ಅರ್ಧ ಕೆಲಸ ಎನ್ನಬಹುದು. ನೀರು ಎದ್ದು ಮರದ ಕೆಳಗಿನ ಕುರ್ಚಿಯನ್ನು ತೋಯಿಸಿತು. ಮೇಷ್ಟ್ರು ಕನ್ನಡಕ ಕಳಚಿ ಇಟ್ಟು, ಹಿಂದಕ್ಕೆ ಹೋಗಿ ಓಡಿಬಂದು ದುಮುಕಿದರು. ಎಪ್ಪತ್ತು ದಾಟಿದ ಮನುಷ್ಯ ಎರಡೂ ಅಂಗೈಗಳಿಂದ ನೀರನ್ನು ಹೊಡೆಯತೊಡಗಿದರು. ಮೂವತ್ತೈದು ವರ್ಷ ಮಕ್ಕಳಿಗೆ ಹೊಡೆಯಬಾರದೆಂದು ತಡೆದುಕೊಂಡದ್ದೆಲ್ಲ ಅಂದು ನೀರಿಗೆ ಬಿತ್ತು. ಬಾಗಿಲ ಬಳಿ ಹಲಗೆ ನೋಡಿ ವಾಪಸ್ಸು ಹೊರಟಿದ್ದ ನಾಲ್ಕಾರು ಜನರೂ ಒಳಗಿನ ಗಲಾಟೆ ಕೇಳಿ ಬಂದರು, ವಿಷಯ ತಿಳಿದು ಅವರೂ ಇಳಿದರು.

"ಭಾವ, ನೀವು?"

"ನನಗೆ ಈಜು ಬರಲ್ವಲ್ಲ."

"ಈಜೋದು ಯಾರು ಕೇಳಿದ್ರು? ಕಂಬಿ ಹಿಡ್ಕೊಂಡು ಕಾಲು ಬಡೀರಿ."

ಏಳೂವರೆಯವರು ಬನಿಯನ್ನಿನಲ್ಲಿ, ಪ್ಯಾಂಟು ಮೊಣಕಾಲಿನವರೆಗೆ ಮಡಿಸಿಕೊಂಡು, ಮೆಟ್ಟಿಲ ಕಂಬಿ ಬಿಗಿಯಾಗಿ ಹಿಡಿದು ನೀರಿಗಿಳಿದರು. ನಾಲ್ಕು ವರ್ಷ ನೋಡುತ್ತ ಕೂತಿದ್ದ ನೀರು ಇಷ್ಟು ತಣ್ಣಗಿರುತ್ತದೆಂದು ಅವರಿಗೆ ಗೊತ್ತೇ ಇರಲಿಲ್ಲ. ಹೆದರಿಕೆ ಐದು ನಿಮಿಷ ಇತ್ತು. ಆಮೇಲೆ ಕಾಲುಗಳು ತಾವೇ ಬಡಿಯತೊಡಗಿದವು. ಅವರಿಗೆ ಖುಷಿಯಾಯಿತು, ಸುಳ್ಳೇಕೆ ಹೇಳಬೇಕು. ಎದುರು ದಡದಲ್ಲಿ ನಾದಿನಿ ಕಾಲು ಗಂಟೆಗೊಮ್ಮೆ ಪಟ್ಟಿ ಅದ್ದಿ ಕೂಗುತ್ತಿದ್ದಳು: "ಏಳು! ಇನ್ನೂ ಜೋರಾಗಿ!" "ಏಳೂಕಾಲು! ಬಿಡಬೇಡಿ!"

ಸರಿಯಾಗಿ ನಾಲ್ಕಕ್ಕೆ ಆರೋಗ್ಯಾಧಿಕಾರಿ ಮೇಡಂ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಸಣ್ಣ ಪೆಟ್ಟಿಗೆ, ಬಗಲಲ್ಲಿ ಫೈಲು. ಎಂಟು ಮಂದಿ ದೊಡ್ಡವರು ಸ್ನಾನಕ್ಕಿಳಿದ ಮಕ್ಕಳಂತೆ ನೀರನ್ನು ಎರಚಾಡುವುದನ್ನು ಅವರು ಒಂದು ಕ್ಷಣ ನೋಡಿದರು.

"ಇಲ್ಲಿ ಮೇಲ್ವಿಚಾರಕರು ಯಾರು?"

ಕಂಬಿ ಹಿಡಿದಿದ್ದ ಕೈಗಳಲ್ಲಿ ಒಂದು ಮೇಲೆದ್ದಿತು. "ನಾನೇ ಮೇಡಂ."

ಎಲ್ಲರೂ ಹತ್ತಿ ದಡದ ಮೇಲೆ ಸಾಲಾಗಿ ನಿಂತರು, ನೀರು ಸುರಿಸುತ್ತ. ಮೇಡಂ ಪೆಟ್ಟಿಗೆ ತೆರೆದು ಪೆನ್ನಿನಂಥ ಮೀಟರು ಹೊರತೆಗೆದು, ಬಗ್ಗಿ, ನೀರಿನಲ್ಲಿ ಅದ್ದಿದರು. ಏಳೂವರೆಯವರು ಕಣ್ಣು ಮುಚ್ಚಿಕೊಂಡರು. ಮೇಷ್ಟ್ರು ಬೇಕರಿಯವರ ಕೈ ಹಿಡಿದುಕೊಂಡರು.

"ಏಳು ದಶಾಂಶ ಐದು," ಎಂದರು ಮೇಡಂ.

ಸಾಲಿನಲ್ಲಿ ಒಂದು ದೊಡ್ಡ ಉಸಿರು ಹೊರಬಿತ್ತು. ಏಳೂವರೆಯವರು ಕಣ್ಣು ಬಿಟ್ಟರು. ಮರ, ಕುರ್ಚಿ, ನೀಲಿ ನೀರು, ಎಲ್ಲವೂ ಮತ್ತೆ ತಮ್ಮದಾಗಿ ಕಂಡವು. ನಾದಿನಿಯ ಕಾಲಿಗೆ ಬೀಳಬೇಕೆನ್ನಿಸಿತು. ವಯಸ್ಸಿನಲ್ಲಿ ಚಿಕ್ಕವಳೆಂದು ಸುಮ್ಮನಾದರು.

ಮೇಡಂ ರಿಜಿಸ್ಟರು ತರಿಸಿ ಹಾಳೆಗಳನ್ನು ತಿರುವಿದರು. "ನಾಲ್ಕು ವರ್ಷ, ಒಂದು ದಿನಾನೂ ಬಿಡದೆ ಏಳು ದಶಾಂಶ ಐದು. ನಿಜ ಹೇಳ್ತೀನಿ, ಇದನ್ನ ಆಫೀಸಿನಲ್ಲಿ ನೋಡಿದಾಗ ಸುಳ್ಳು ಲೆಕ್ಕ ಅಂದ್ಕೊಂಡಿದ್ದೆ. ಅದಕ್ಕೇ ನಾನೇ ಬಂದೆ. ಇವತ್ತು ನಂಬಿಕೆ ಬಂತು. ಇಂಥ ಕೆಲಸಗಾರ ನಮಗೆ ಬಹಳ ಅಗತ್ಯವಾಗಿ ಬೇಕಾಗಿತ್ತು."

"ಮೇಡಂ ದೊಡ್ಡ ಮನಸ್ಸು," ಎಂದರು ಏಳೂವರೆಯವರು.

"ಕೊಳಚೆ ಶುದ್ಧೀಕರಣ ಕೇಂದ್ರದಲ್ಲಿ ಪಿಎಚ್ ಒಂದು ದಿನ ಮೂರು, ಮರುದಿನ ಹನ್ನೊಂದು. ಯಾರ ಕೈಲೂ ಹಿಡಿದಿಡೋಕೆ ಆಗ್ತಿಲ್ಲ. ಸೋಮವಾರದಿಂದ ನೀವು ಅಲ್ಲಿ. ಆರು ತಿಂಗಳು ನೋಡಿಕೊಂಡು ವಾಪಸ್ ಬರಬಹುದು." ಮೇಡಂ ಫೈಲು ತೆರೆದು ಆದೇಶದ ಹಾಳೆ ಹೊರತೆಗೆದರು. "ಇವತ್ತು ನೀರು ಸರಿ ಇಲ್ಲದೇ ಇದ್ದಿದ್ರೆ ಬೇರೆಯವರನ್ನ ಹುಡುಕಬೇಕಿತ್ತು. ಕೊಳ ಮುಚ್ಚಿಸಿ, ದುರಸ್ತಿ ಮುಗಿಯೋತನಕ ನಿಮ್ಮನ್ನ ಇಲ್ಲೇ ಕಾವಲಿಗೆ ಕೂರಿಸಬೇಕಾಗ್ತಿತ್ತು."

ಏಳೂವರೆಯವರು ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ಕನ್ನಡಕ ಹುಡುಕುತ್ತಿದ್ದರು.

ರಿಜಿಸ್ಟರು ಸುಳ್ಳೆಂದು ಒಪ್ಪಿಕೊಂಡರೆ ಕೊಳಚೆ ತಪ್ಪುತ್ತಿತ್ತು, ಜೊತೆಗೆ ನೌಕರಿಯೂ ತಪ್ಪುತ್ತಿತ್ತು. ಮೇಡಂ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು. ಉಳಿದದ್ದು ಒಂದೇ ದಾರಿ.

"ಮೇಡಂ, ಒಂದು ನಿಮಿಷ," ಎಂದರು ಏಳೂವರೆಯವರು. "ಮೀಟರು ತಪ್ಪು ತೋರಿಸಿರಬಹುದು. ನನಗೆ ಯಾಕೋ ಸಮಾಧಾನ ಇಲ್ಲ. ಇನ್ನೊಂದು ಸಲ ಅಳೆದು ನೋಡಿ ಮೇಡಂ. ಆ ಮೂಲೇಲಿ ನೋಡಿ, ಅಲ್ಲಿ ಖಂಡಿತ ಕೆಟ್ಟಿರುತ್ತೆ."

ಮೇಡಂ ಅವರನ್ನೇ ದಿಟ್ಟಿಸಿ ನೋಡಿದರು. ಆಮೇಲೆ ಆ ಮೂಲೆಗೆ ಹೋಗಿ ಅಳೆದರು. ಏಳು ದಶಾಂಶ ಐದು. ಈ ಮೂಲೆಗೆ ಬಂದು ಅಳೆದರು. ಅಲ್ಲೂ ಅಷ್ಟೇ.

"ಇಪ್ಪತ್ತು ವರ್ಷದ ಸರ್ವೀಸಿನಲ್ಲಿ," ಎಂದರು ಅವರು, ದನಿಯಲ್ಲಿ ನಿಜವಾದ ಗೌರವವಿತ್ತು, "ತನಗೆ ಅನುಕೂಲವಾಗೇ ಬಂದ ಫಲಿತಾಂಶಾನ ಮತ್ತೆ ಪರೀಕ್ಷೆ ಮಾಡಿ ಅಂದ ನೌಕರನ್ನ ನಾನು ನೋಡೇ ಇಲ್ಲ."

ಹಾಗೆಂದು ಆದೇಶದಲ್ಲಿ 'ಆರು ತಿಂಗಳು' ಎಂದಿದ್ದುದನ್ನು ಹೊಡೆದುಹಾಕಿ, ಅದರ ಮೇಲೆ ಅಚ್ಚುಕಟ್ಟಾಗಿ 'ನಿವೃತ್ತಿಯವರೆಗೆ' ಎಂದು ಬರೆದು ಸಹಿ ಮಾಡಿದರು.